ಓಡಲಾರದ ನಾಯಿಯ ಋಣ



ಬೇಸಿಗೆಯ ಒಂದೇ ದಿನದಲ್ಲಿ ಮಂಜಿನ ಬೆಟ್ಟಗಳನ್ನೂ ಜಾರುಬಂಡಿ ಎಳೆಯುವ ನಾಯಿಗಳನ್ನೂ ನೋಡಿಬರುವ ಆಸೆಯಿಂದ ಅನೇಕರು ಅಮೆರಿಕದ ಅಲಾಸ್ಕಕ್ಕೆ ಹೋಗುತ್ತಾರೆ. ಅಲ್ಲಿನ ದೆನಾಲಿ ರಾಷ್ಟ್ರೀಯ ಉದ್ಯಾನದಲ್ಲಿ 6,190 ಮೀಟರ್ ಎತ್ತರದ ಶಿಖರವಿದೆ. ಆದರೆ ಬೇಸಿಗೆಯಲ್ಲಿ ಅದು ಬಹಳ ದಿನ ಮೋಡದ ಮರೆಯಲ್ಲೇ ಇರುತ್ತದೆ. ಬೆಟ್ಟ ಕಾಣದೆ ನಿರಾಶರಾದವರಿಗೂ ನಾಯಿಗಳು ಕಾಣಸಿಗುತ್ತವೆ.

ಕಳ್ಳಬೇಟೆ ತಡೆಯುವ ಗಸ್ತಿಗಾಗಿ ಉದ್ಯಾನದ ಮೊದಲ ಮೇಲ್ವಿಚಾರಕ ಹ್ಯಾರಿ ಕಾರ್‌ಸ್ಟೆನ್ಸ್ 1922ರಲ್ಲಿ ಈ ನಾಯಿಗಳನ್ನು ತಂದರು. ಇಂದಿಗೂ ಚಳಿಗಾಲದಲ್ಲಿ ಅವು ರೇಂಜರ್‌ಗಳನ್ನೂ ಸಾಮಾನುಗಳನ್ನೂ ಹೊತ್ತ ಬಂಡಿಯನ್ನು ಹಿಮದ ಮೇಲೆ ಎಳೆಯುತ್ತವೆ. ಬೇಸಿಗೆಯಲ್ಲಿ ಹಿಮವಿಲ್ಲ, ಪ್ರವಾಸಿಗರಿಗೆ ತೋರಿಸಲು ಚಕ್ರದ ಗಾಡಿಗೆ ಕಟ್ಟುತ್ತಾರೆ. ಕಟ್ಟುವ ಹೊತ್ತಾಯಿತೆಂದು ತಿಳಿದೊಡನೆ ನಾಯಿಗಳೆಲ್ಲ ಜಿಗಿದು ಬೊಗಳತೊಡಗುತ್ತವೆ.

ನಮ್ಮ ಸಂತೋಷಕ್ಕಾಗಿ ಮೂಕಪ್ರಾಣಿಯನ್ನು ದುಡಿಸುವುದು ನ್ಯಾಯವೇ? ‘ಎಳೆಯುವುದು ಅದಕ್ಕೇ ಇಷ್ಟವಲ್ಲವೇ’ ಎಂದು ಕೆಲವರು ಕೇಳುತ್ತಾರೆ. ಅದರಲ್ಲಿ ನಿಜವಿದೆ. ತಲೆಮಾರುಗಳಿಂದ ಓಟಕ್ಕಾಗಿಯೇ ಬೆಳೆಸಿದ ತಳಿಯನ್ನು ಓಡಗೊಡದೆ ಕಟ್ಟಿಹಾಕುವುದೂ ಅನ್ಯಾಯವೇ. ಆದರೆ ನಾಯಿಯ ಉತ್ಸಾಹ ಇಂದಿನ ಓಟಕ್ಕೆ ಮಾತ್ರ ಸಾಕ್ಷಿ. ಕಾಲು ಸೋತ ದಿನ ತನ್ನ ಗತಿಯೇನೆಂದು ಅದು ಕೇಳಲಾರದು. ಕೂಲಿಯವನಾದರೂ ಕೇಳಿಯಾನು!

ಕೆನಡಾದ ವಿಸ್ಲರ್‌ನಲ್ಲಿ ನಡೆದುದನ್ನು ನೋಡಿ. 2010ರ ಚಳಿಗಾಲದ ಒಲಿಂಪಿಕ್ಸ್ ಮುಗಿದು ವ್ಯಾಪಾರ ಇಳಿದಾಗ, ಪ್ರವಾಸಿಗರಿಗೆ ಬಂಡಿ ಸವಾರಿ ಒದಗಿಸುತ್ತಿದ್ದ ಕಡೆ ಹಲವಾರು ನಾಯಿಗಳನ್ನು ಕೊಂದು ಹೂಳಲಾಯಿತು. ಮರುವರ್ಷ 56 ಶವಗಳನ್ನು ಅಗೆದು ತೆಗೆದರು. ಅವುಗಳ ಬಂಡಿಯಲ್ಲಿ ಕುಳಿತು ನಕ್ಕವರಾರೂ ಕೇಡು ಬಯಸಿದವರಲ್ಲ. ಆದರೆ ಬೇಡಿಕೆ ತಗ್ಗಿದರೆ ಇವುಗಳ ಗತಿಯೇನೆಂದು ಅವರಲ್ಲಿ ಎಷ್ಟು ಮಂದಿ ಯೋಚಿಸಿದ್ದರು?

ನಿಷ್ಠೆಯಿಂದ ದುಡಿದ ನಾಯಿ ಮುದಿಯಾದಾಗ ಸಾಯುವವರೆಗೂ ಸಾಕಬೇಕೆಂದು ತತ್ತ್ವಜ್ಞಾನಿ ಕಾಂಟ್ ತನ್ನ ಉಪನ್ಯಾಸಗಳಲ್ಲಿ ಹೇಳಿದ್ದಾನೆ. ಅವನು ಕೊಟ್ಟ ಕಾರಣ: ಪ್ರಾಣಿಯ ವಿಷಯದಲ್ಲಿ ಕಲ್ಲಾದ ಹೃದಯ ಮನುಷ್ಯರ ವಿಷಯದಲ್ಲೂ ಕಲ್ಲಾಗುತ್ತದೆ. ಸಂತ ತೋಮಾಸ್ ಅಕ್ವಿನಾಸರ ವಿಚಾರವೂ ಇದಕ್ಕೆ ಹತ್ತಿರದ್ದು. ಆದರೆ ಇಷ್ಟೇ ಸಾಕೇ? ಹಾಗಾದರೆ ನಾಯಿ ನಮ್ಮ ಸದ್ಗುಣದ ಅಭ್ಯಾಸಕ್ಕೊಂದು ಸಾಧನ ಮಾತ್ರವಾದೀತು. ಪ್ರಾಣಿಗಳು ದೇವರ ಸೃಷ್ಟಿ, ಅವುಗಳಿಗೆ ದಯೆ ತೋರುವ ಋಣ ನಮ್ಮ ಮೇಲಿದೆ ಎಂದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥವು ಬೋಧಿಸುತ್ತದೆ. ಋಣವೆಂದ ಮೇಲೆ ಅದು ನಾಯಿಗೇ ಸಲ್ಲಬೇಕಾದದ್ದು. ಮನಸ್ಸು ಬಂದಾಗ ಹಾಕುವ ಭಿಕ್ಷೆಯಲ್ಲ.

ದೆನಾಲಿಯಲ್ಲಿ ಸುಮಾರು ಒಂಬತ್ತು ವರ್ಷಕ್ಕೆ ನಾಯಿಗಳಿಗೆ ನಿವೃತ್ತಿ. ಚೆನ್ನಾಗಿ ನೋಡಿಕೊಳ್ಳಬಲ್ಲ ಕುಟುಂಬಗಳನ್ನು ಆರಿಸಿ ಅವುಗಳನ್ನು ಒಪ್ಪಿಸುತ್ತಾರೆ. ಹೀಗೆ ನೋಡಿಕೊಳ್ಳುವ ಕಡೆ ಮಕ್ಕಳೊಡನೆ ನಿಂತು ನಾಯಿಗಳ ಓಟವನ್ನು ನೋಡಿ ಆನಂದಿಸುವುದರಲ್ಲಿ ದೋಷವಿಲ್ಲ.

ಆದ್ದರಿಂದ, ಹೊರದೇಶದಲ್ಲಿರುವ ಮಕ್ಕಳ ಮನೆಗೆ ಹೋದಾಗ ಇಂಥ ಪ್ರವಾಸದ ಅವಕಾಶ ನಿಮಗೆ ಒದಗಿದರೆ, ಟಿಕೆಟ್ ಕೊಳ್ಳುವ ಮೊದಲು ಒಂದು ಮಾತು ಕೇಳಿ: “ಮುದಿಯಾದ ನಾಯಿಗಳು ಎಲ್ಲಿಗೆ ಹೋಗುತ್ತವೆ?” ನೇರವಾದ ಉತ್ತರ ಬಂದರೆ ಸಂತೋಷದಿಂದ ಹೋಗಿ. ಮಾತು ಮರೆಸಿದರೆ ಬೆಟ್ಟವನ್ನಷ್ಟೇ ನೋಡಿ ಬನ್ನಿ. ಇನ್ನು ನಿಮ್ಮ ಅಂಗಳವನ್ನು ವರ್ಷಗಟ್ಟಲೆ ಕಾಯ್ದು ಈಗ ಕಣ್ಣು ಮಂಜಾದ ನಾಯಿಯಿದ್ದರೆ, ಅದರ ಪರವಾಗಿ ಈ ಪ್ರಶ್ನೆಯನ್ನು ಮನೆಯಲ್ಲೇ ಕೇಳಿಕೊಳ್ಳಬಹುದು.