ಗುಣವಾಗದಿದ್ದರೆ ತಪ್ಪು ಯಾರದ್ದು?

 

ಯೌವನಸ್ಥರೇ, ಇವತ್ತು ಒಂದು ಕಷ್ಟದ ಪ್ರಶ್ನೆ. ಸ್ವಸ್ಥತೆಗಾಗಿ ಉಪವಾಸ ಮಾಡ್ತೀವಿ, ಎಣ್ಣೆ ಹಚ್ಚಿ ಪ್ರಾರ್ಥಿಸ್ತೀವಿ. ಆದರೂ ಕಾಯಿಲೆ ಹೋಗಲ್ಲ. ಆಗ ಯಾರೋ ಒಬ್ಬರು ಹಾಸಿಗೆ ಪಕ್ಕ ನಿಂತು, "ಅಮ್ಮಾ, ನಿಮಗೆ ವಿಶ್ವಾಸ ಸಾಲದು" ಅಂದುಬಿಡ್ತಾರೆ. ಹೀಗೆ ಹೇಳೋದು ಸರೀನಾ?

ಈ ಪ್ರಶ್ನೆ ಬಂದಾಗೆಲ್ಲ ನನಗೆ ದೇವರ ಸೇವಕರಾದ ಜಾನ್ ವಿಂಬರ್ ನೆನಪಾಗ್ತಾರೆ. 1934ರಲ್ಲಿ ಅಮೆರಿಕದಲ್ಲಿ ಹುಟ್ಟಿದವರು. ಮೊದಲು ಸಂಗೀತಗಾರ, ಕೀಬೋರ್ಡ್ ನುಡಿಸ್ತಿದ್ದರು. 1963ರಲ್ಲಿ ರಕ್ಷಣೆ ಹೊಂದಿದರು. 1977ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ಸಭೆಯ ಪಾಸ್ಟರ್ ಆದರು, ಮುಂದೆ ವಿನ್ಯಾರ್ಡ್ ಸಭೆಗಳ ನಾಯಕರಾದರು. ಲೂಕನ ಸುವಾರ್ತೆಯಿಂದ ಬೋಧಿಸುತ್ತಾ, ಯೇಸು ಮಾಡಿದ್ದನ್ನು ನಾವೂ ಮಾಡಬೇಕು ಅಂತ ರೋಗಿಗಳಿಗಾಗಿ ಪ್ರಾರ್ಥಿಸಲು ಶುರು ಮಾಡಿದರು. ಏನಾಯ್ತು ಗೊತ್ತಾ? ತಿಂಗಳುಗಟ್ಟಲೆ ಒಬ್ಬರೂ ಗುಣವಾಗಲಿಲ್ಲ! ಬೇಸತ್ತು ಕೆಲವರು ಸಭೆಯನ್ನೇ ಬಿಟ್ಟರು. ವಿಂಬರ್ ಮಾತ್ರ ನಿಲ್ಲಿಸಲಿಲ್ಲ. ಕೊನೆಗೆ ಒಂದು ದಿನ, ಅವರು ಪ್ರಾರ್ಥಿಸಿದ ಒಬ್ಬ ಸಹೋದರಿ ಜ್ವರ ಬಿಟ್ಟು ಎದ್ದರು. ಹಲ್ಲೆಲೂಯಾ! ಅಲ್ಲಿಂದ ಅವರ ಸ್ವಸ್ಥತೆಯ ಸೇವೆ ಲೋಕಕ್ಕೆಲ್ಲಾ ಗೊತ್ತಾಯಿತು.

ಆದರೆ ಕಥೆ ಅಲ್ಲಿಗೆ ಮುಗಿಯಲ್ಲ. ಇಂಗ್ಲೆಂಡಿನ ಯಾರ್ಕ್‌ನಲ್ಲಿ ಸೇವೆ ಮಾಡಿದ ಡೇವಿಡ್ ವಾಟ್ಸನ್ ಅವರ ಆಪ್ತ ಸ್ನೇಹಿತ. 1983ರಲ್ಲಿ ವಾಟ್ಸನ್‌ಗೆ ಕ್ಯಾನ್ಸರ್ ಅಂತ ಗೊತ್ತಾಯಿತು. ವಿಂಬರ್ ಕ್ಯಾಲಿಫೋರ್ನಿಯಾದಿಂದ ಲಂಡನ್‌ಗೆ ಬಂದು ಅವರ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. 1984ರ ಫೆಬ್ರವರಿಯಲ್ಲಿ ವಾಟ್ಸನ್ ಕರ್ತನ ಬಳಿಗೆ ಹೋದರು. ವಯಸ್ಸು ಬರೀ 50.

ಇಂಥ ಹೊತ್ತಿನಲ್ಲಿ ಬೋಧಕನ ಮುಂದೆ ಎರಡು ಸುಲಭದ ದಾರಿ ಇರ್ತವೆ. ಒಂದು, "ರೋಗಿಗೆ ವಿಶ್ವಾಸ ಇರಲಿಲ್ಲ" ಅನ್ನೋದು. ಆಗ ಬೋಧಕನ ಹೆಸರು ಉಳಿಯುತ್ತೆ. ಇನ್ನೊಂದು, "ಸ್ವಸ್ಥತೆ ಎಲ್ಲಾ ಸುಳ್ಳು" ಅಂತ ಪ್ರಾರ್ಥನೆಯನ್ನೇ ಬಿಟ್ಟುಬಿಡೋದು. ಆಗ ನಿರಾಶೆಯ ನೋವು ತಪ್ಪುತ್ತೆ. ವಿಂಬರ್ ಎರಡನ್ನೂ ಆರಿಸಲಿಲ್ಲ. ರೋಗಿಗಳಿಗಾಗಿ ಪ್ರಾರ್ಥಿಸುತ್ತಲೇ ಹೋದರು. 1993ರಲ್ಲಿ ಅವರಿಗೇ ಕ್ಯಾನ್ಸರ್ ಬಂದಾಗ ಪ್ರಾರ್ಥನೆಯನ್ನೂ ಬಿಡಲಿಲ್ಲ, ರೇಡಿಯೇಷನ್ ಚಿಕಿತ್ಸೆಯನ್ನೂ ಬೇಡ ಅನ್ನಲಿಲ್ಲ. 1997ರಲ್ಲಿ, 63ನೇ ವಯಸ್ಸಿನಲ್ಲಿ ತೀರಿಕೊಂಡರು.

ಈಗ ವಾಕ್ಯಕ್ಕೆ ಬರೋಣ. ಮಾರ್ಕ 2ರಲ್ಲಿ ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತರ್ತಾರೆ. ಯೇಸು ಯಾರ ನಂಬಿಕೆ ನೋಡಿದ? ಹೊತ್ತು ತಂದವರ ನಂಬಿಕೆಯನ್ನೂ ನೋಡಿದ! ಯಾಕೋಬ 5ರಲ್ಲಿ ಪ್ರಾರ್ಥಿಸುವ ಹೊಣೆ ಸಭೆಯ ಹಿರಿಯರದ್ದು. ಮಲಗಿರುವವನು ಅವರನ್ನು ಕರೆಸಿದರೆ ಸಾಕು. ಹಾಗಾದರೆ ಆ ಭಾರವನ್ನು ತಿರುಗಿ ರೋಗಿಯ ಎದೆ ಮೇಲೆ ಇಡೋಕೆ ನಾವ್ಯಾರು? ಯೋಹಾನ 9ರಲ್ಲಿ ಶಿಷ್ಯರು, ಇವನು ಹುಟ್ಟುಕುರುಡನಾಗೋಕೆ ಯಾರ ಪಾಪ ಕಾರಣ ಅಂತ ಕೇಳಿದಾಗ, ಯೇಸು ಆ ಲೆಕ್ಕಾಚಾರಕ್ಕೇ ಒಪ್ಪಲಿಲ್ಲ. ಪೌಲನ ಕೈಯಿಂದ ಎಷ್ಟೋ ಅದ್ಭುತಗಳಾದವು. ಆದರೂ 2 ತಿಮೊಥೆ 4:20ರಲ್ಲಿ, ಅಸ್ವಸ್ಥನಾದ ತ್ರೊಫಿಮನನ್ನು ಮಿಲೇತದಲ್ಲಿ ಬಿಟ್ಟುಬಂದೆ ಅಂತ ಬರೀತಾನೆ. ಮುಚ್ಚಿಡಲಿಲ್ಲ, ತ್ರೊಫಿಮನನ್ನು ದೂರಲೂ ಇಲ್ಲ.

ದುಃಖದಲ್ಲಿರುವವರ ಮೇಲೆ ಅಪರಾಧಿ ಭಾವನೆ ಹೊರಿಸೋದು ವಿಶ್ವಾಸ ಅಲ್ಲ, ಅದು ಕ್ರೌರ್ಯ. ನಮ್ಮ ಸೇವೆಯ ಹೆಸರು ಉಳಿಸೋಕೆ ಒಬ್ಬ ತಾಯಿಯ ಮನಸ್ಸು ಒಡೆದರೆ, ಆ ಹೆಸರು ದೇವರಿಗೆ ಬೇಕಾಗಿಲ್ಲ.

ಹಾಗಾದರೆ ಏನು ಮಾಡಬೇಕು? ವಿಂಬರ್ ಕಲಿಸಿದ ಪ್ರಾರ್ಥನಾ ಕ್ರಮದಲ್ಲಿ ಮೊದಲನೆಯದು ರೋಗಿಯನ್ನು ಕೇಳೋದು: ಎಲ್ಲಿ ನೋವು, ಏನು ಪ್ರಾರ್ಥಿಸಲಿ? ನೀವೂ ಮೊದಲು ಕೇಳಿ, ಆಮೇಲೆ ಧೈರ್ಯವಾಗಿ ಪ್ರಾರ್ಥಿಸಿ. ಮಾತ್ರೆ ನಿಲ್ಲಿಸಿ ಅಂತ ಯಾರಿಗೂ ಹೇಳಬೇಡಿ. ಗುಣವಾದರೆ ಡಾಕ್ಟರ್ ಹತ್ತಿರ ಪರೀಕ್ಷೆ ಮಾಡಿಸಿ ಸಾಕ್ಷಿ ಹೇಳಲಿ, ಸತ್ಯಕ್ಕೆ ಭಯವಿಲ್ಲ. ಗುಣವಾಗದಿದ್ದರೆ ಮುಂದಿನ ವಾರವೂ ಹೋಗಿ. ಊಟ ತಗೊಂಡು ಹೋಗಿ, ಪಕ್ಕದಲ್ಲಿ ಕೂತ್ಕೊಳ್ಳಿ, ಮತ್ತೆ ಪ್ರಾರ್ಥಿಸಿ.

ನಮ್ಮ ದೇವರು ಸ್ವಸ್ಥಪಡಿಸುವ ದೇವರು. ಇದನ್ನು ನಾನು ಪೂರ್ಣ ಹೃದಯದಿಂದ ನಂಬ್ತೀನಿ. ಯಾಕೆ ಕೆಲವರಿಗೆ ಇಲ್ಲ ಅನ್ನೋ ಉತ್ತರ ಆತನ ಕೈಯಲ್ಲಿದೆ. ಹಾಸಿಗೆ ಪಕ್ಕದ ಕುರ್ಚಿ ಮಾತ್ರ ನಮ್ಮದು. ಅದು ಖಾಲಿ ಇರಬಾರದು. ಕರ್ತನು ನಿಮ್ಮನ್ನು ಆಶೀರ್ವದಿಸಲಿ. ಆಮೆನ್.