ನೋವಾಗದ ಕಾಲು

ವ್ರತದಲ್ಲಿ ದೇಹವನ್ನು ಎಷ್ಟರ ಮಟ್ಟಿಗೆ ಮರೆಯಬಹುದು? ಈ ಪ್ರಶ್ನೆ ನನಗೆ ಹೋದ ವರ್ಷ ಕಾಲಿನಿಂದ ಶುರುವಾಯಿತು.

ನಾನು ಹಾವೇರಿ ಕಡೆಯವನು. ಡಿಪ್ಲೊಮಾ ಮುಗಿಸಿ ಐಟಿ ಸಪೋರ್ಟ್ ಕೆಲಸಕ್ಕೆ ಗುಜರಾತಿಗೆ ಬಂದೆ. ವಾಸ ಅಹಮದಾಬಾದಿನ ಪಾಲ್ಡಿಯಲ್ಲಿ, ಒಂದು ಜೈನ ಮನೆಯ ಮಹಡಿ ಕೋಣೆ. ವಾರಕ್ಕೊಂದು ದಿನ ವಡೋದರಾ, ಒಂದು ದಿನ ಸೂರತ್. ಮೇಜಿನ ಕೆಳಗೆ ತೂರಿ ಕೇಬಲ್ ಸರಿಮಾಡುವುದು, ಪ್ರಿಂಟರ್ ಮಾಡಿದ ತಪ್ಪಿಗೆ ನಾನು ಬೈಸಿಕೊಳ್ಳುವುದು. ಊಟ ಮನೆಯ ಬಾ ಕೊಡುವ ರೋಟ್ಲಿ, ದಾಳ್, ಶಾಕ್. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಆ ಮನೆಗೆ ಬರುವುದೇ ಇಲ್ಲ. ವ್ರತಕ್ಕೆ ಇನ್ನೇನು ಬೇಕು? ಆದರೆ ನನಗೆ ಅಷ್ಟು ಸಾಲಲಿಲ್ಲ. ಮಾಂಸ, ಮೊಟ್ಟೆ ಮೊದಲೇ ಬಿಟ್ಟಿದ್ದೆ. ನಾಲ್ಕು ವರ್ಷದ ಹಿಂದೆ ಮಾಲೆ ತೆಗೆದ ದಿನ, ಕರುವಿನ ಪಾಲು ನನಗೆ ಬೇಡ ಎಂದು ಹಾಲು, ಮೊಸರು, ಛಾಸ್ ಕೂಡ ಬಿಟ್ಟೆ. ಬಿಡು ಎಂದು ಯಾರೂ ಹೇಳಿರಲಿಲ್ಲ.

ಬರಿಗಾಲಲ್ಲಿ ಓಡಾಡುವ ಮೊದಲ ವಾರ ಎಲ್ಲ ಸ್ವಾಮಿಗಳ ಕಾಲೂ ಉರಿಯುತ್ತದೆ. ಹೋದ ವರ್ಷ ನನಗೆ ಏನೂ ಆಗಲಿಲ್ಲ. ಜಲ್ಲಿ ತುಳಿದರೂ ಹತ್ತಿಯ ಮೇಲೆ ನಡೆದ ಹಾಗೆ. ಇದೇ ಕೃಪೆ ಎಂದು ಒಳಗೊಳಗೇ ಬೀಗಿದೆ. ಇಪ್ಪತ್ತನೇ ದಿನ ಸೂರತ್‌ನ ಒಂದು ಆಫೀಸಿನ ಬಿಳಿ ಟೈಲ್ಸ್ ಮೇಲೆ ರಕ್ತದ ಹೆಜ್ಜೆ ಕಂಡಿತು. ಯಾರದಪ್ಪಾ ಎಂದು ನೋಡಿದರೆ ನನ್ನದೇ. ಗಾಜಿನ ಚೂರು ಹೊಕ್ಕಿದ್ದು ತಿಳಿದೇ ಇರಲಿಲ್ಲ.

ಪರೀಕ್ಷೆ ಮಾಡಿಸಿದಾಗ ಬಿ12 ಬಂದಿದ್ದು 118. ಇನ್ನೂರಕ್ಕಿಂತ ಮೇಲಿರಬೇಕಿತ್ತು. ಈ ವಿಟಮಿನ್ನನ್ನು ಗಿಡಗಳು ತಯಾರಿಸುವುದಿಲ್ಲ, ಬ್ಯಾಕ್ಟೀರಿಯಾ ತಯಾರಿಸುತ್ತವೆ. ಸಸ್ಯಾಹಾರಿಗಳಿಗೆ ಸಿಗುವುದು ಮುಖ್ಯವಾಗಿ ಹಾಲು ಮೊಸರಿನಿಂದ. ದಿನಕ್ಕೆ ಬೇಕಾದದ್ದು ಎರಡು ಮೈಕ್ರೋಗ್ರಾಂ ಚಿಲ್ಲರೆ, ಅಷ್ಟೇ. ಯಕೃತ್ತಿನಲ್ಲಿ ವರ್ಷಗಟ್ಟಲೆಗೆ ಆಗುವಷ್ಟು ದಾಸ್ತಾನು ಇರುತ್ತದೆ, ಹಾಗಾಗಿ 41 ದಿನದ ವ್ರತದಿಂದ ಈ ಕೊರತೆ ಬರುವುದಿಲ್ಲ. ನನ್ನದು ವರ್ಷಗಳ ಲೆಕ್ಕ. ಸೊಪ್ಪು, ಬೇಳೆ ಚೆನ್ನಾಗಿ ತಿನ್ನುತ್ತೇನಲ್ಲ ಎಂದು ವಾದಿಸಿದೆ. ಅದರಲ್ಲಿರುವ ಫೋಲೇಟ್ ರಕ್ತವನ್ನು ಸರಿಯಿದ್ದಂತೆ ತೋರಿಸಬಹುದು, ಅಷ್ಟರಲ್ಲಿ ನರ ಹಾಳಾಗುತ್ತಿರುತ್ತದೆ ಎಂದರು ಡಾಕ್ಟರು.

ಇಂಜೆಕ್ಷನ್ ಬರೆದುಕೊಟ್ಟರು. ನಾನು ಬೇಡ ಎಂದೆ! ವ್ರತ ಮುಗಿಯಲಿ, ಸಂಕಟವನ್ನು ಸ್ವಾಮಿಗೆ ಒಪ್ಪಿಸಿದ್ದೇನೆ ಎಂದೆ. ಈಗ ಯೋಚಿಸಿದರೆ, ಒಪ್ಪಿಸುವುದಕ್ಕೆ ಸಂಕಟವೇ ಇರಲಿಲ್ಲ. ಕಾಲಿಗೆ ನೋವು ಗೊತ್ತಾಗದಿದ್ದರೆ ಅದರಲ್ಲಿ ತಪಸ್ಸೇನು ಬಂತು?

ಇದೇ ಊರಿನಲ್ಲಿ 1918ರಲ್ಲಿ ಗಾಂಧೀಜಿ ಸಾವಿನ ಅಂಚಿಗೆ ಹೋಗಿದ್ದರು. 1912ರಲ್ಲಿ ಟಾಲ್‌ಸ್ಟಾಯ್ ಫಾರ್ಮ್‌ನಲ್ಲಿದ್ದಾಗಲೇ ಹಾಲು ಬಿಟ್ಟವರು. ಖೇಡಾದಲ್ಲಿ ಶೇಂಗಾ ಬೆಣ್ಣೆ, ನಿಂಬೆಹಣ್ಣಿನ ಮೇಲೆ ಓಡಾಡಿ, ಆಮಶಂಕೆಯಿಂದ ನಡಿಯಾದಿನಲ್ಲಿ ಮಲಗಿದರು. ಅಲ್ಲಿಂದ ಅವರನ್ನು ಅಹಮದಾಬಾದಿನ ಮಿರ್ಜಾಪುರ ಬಂಗಲೆಗೆ ಕರೆತಂದವರು ಅಂಬಾಲಾಲ್ ಸಾರಾಭಾಯಿ. ಕೊನೆಗೆ ಮುಂಬೈಯಲ್ಲಿ ಡಾಕ್ಟರ್ ದಲಾಲ್ ಹಾಲಿಲ್ಲದೆ ಆಗದು ಎಂದಾಗ, ಆಡಿನ ಹಾಲಾದರೆ ಆಗಬಹುದಲ್ಲ ಎಂದವರು ಕಸ್ತೂರಬಾ. ಪ್ರತಿಜ್ಞೆ ಮಾಡುವಾಗ ಮನಸ್ಸಿನಲ್ಲಿದ್ದದ್ದು ಹಸು, ಎಮ್ಮೆ ಮಾತ್ರ. ಕುಡಿದರು. ಆದರೆ ಅಕ್ಷರ ಉಳಿಯಿತು, ಆಶಯ ಹೋಯಿತು ಎಂಬ ಕೊರಗನ್ನು ಆತ್ಮಕಥೆಯಲ್ಲಿ ಮುಚ್ಚಿಡಲಿಲ್ಲ. ನನಗೆ ಹಿಡಿಸಿದ್ದು ಕುಡಿದದ್ದಕ್ಕಿಂತ ಹೆಚ್ಚಾಗಿ ಆ ಪ್ರಾಮಾಣಿಕತೆ. ನನ್ನ ಇಕ್ಕಟ್ಟು ಅಷ್ಟು ದೊಡ್ಡದೂ ಅಲ್ಲ. ಬಿ12 ಬೇರ್ಪಡಿಸಿದ್ದೇ 1948ರಲ್ಲಿ. ಈಗ ಬ್ಯಾಕ್ಟೀರಿಯಾ ಬೆಳೆಸಿ ತೆಗೆಯುತ್ತಾರೆ, ಪ್ರಾಣಿಯ ಸಂಬಂಧವಿಲ್ಲ. ಕ್ಯಾಪ್ಸೂಲಿನ ಹೊದಿಕೆ ಮಾತ್ರ ಜೆಲಟಿನ್ ಇರಬಹುದು. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಮಾತ್ರೆಯನ್ನೇ ತೆಗೆದುಕೊಳ್ಳಿ.

ಊರಿನ ಗುರುಸ್ವಾಮಿಗೆ ಫೋನ್ ಮಾಡಿ ಹೇಳಿದೆ. ಅವರು ಬೈಯಲಿಲ್ಲ. "ಇರುಮುಡಿಗೆ ಕಾಯಿ ಆರಿಸುವಾಗ ಬಿರುಕು ಬಿಟ್ಟಿದ್ದು ಯಾಕೆ ಇಡಲ್ಲ, ಸ್ವಾಮಿ?" ಎಂದರು.

"ತುಪ್ಪ ಸೋರಿಹೋಗುತ್ತೆ, ಸ್ವಾಮಿ."

"ಕಾಯಿ ದೇಹ, ತುಪ್ಪ ಆತ್ಮ ಅಂತ ಎಲ್ರಿಗೂ ಗೊತ್ತು. ಕಾಯಿ ಆಳಿಗೆ ಹಾಕೋದು ಅಭಿಷೇಕ ಆದ್ಮೇಲೆ. ದಾರೀಲೇ ಒಡ್ಕೊಂಡ್ರೆ ಏನು ತಗೊಂಡ್ ಹೋಗ್ತೀರಿ? ಚಪ್ಪಲಿ ಹಾಕ್ಕೊಳ್ಳಿ, ಇಂಜೆಕ್ಷನ್ ತಗೊಳ್ಳಿ."

ಒಬ್ಬ ಗೆಳೆಯ ಒಪ್ಪಲಿಲ್ಲ. ಕಷ್ಟವಿಲ್ಲದಿದ್ದರೆ ಅದು ವ್ರತವೇ ಅಲ್ಲ, ಡಾಕ್ಟರು ಹೇಳಿದ್ದಕ್ಕೆಲ್ಲ ನಿಯಮ ಸಡಿಲಿಸುತ್ತ ಹೋದರೆ ಏನು ಉಳಿಯುತ್ತದೆ ಎಂದ. ಮಾತು ಪೂರ್ತಿ ಸುಳ್ಳಲ್ಲ. ತಣ್ಣೀರು ಸ್ನಾನ, ನೆಲದ ಮೇಲೆ ಮಲಗುವುದು, ನಾಲಿಗೆ ಹಿಡಿಯುವುದು, ಈ ಕಷ್ಟ ಬೇಕು. ಆದರೆ ಮಾಲೆ ಹಾಕಿದ ಮೇಲೆ ನನ್ನನ್ನೂ ಸ್ವಾಮಿ ಎಂದೇ ಕರೆಯುತ್ತಾರೆ. ಸನ್ನಿಧಾನದಲ್ಲಿ ತತ್ತ್ವಮಸಿ ಎಂದು ಬರೆದಿದೆ. ಅನ್ನದಾನ ಪ್ರಭು ಎಂದು ಶರಣು ಕೂಗಿ ಬೇರೆ ಸ್ವಾಮಿಗಳಿಗೆ ಬಡಿಸುವ ನಾನು, ಈ ಒಬ್ಬ ಸ್ವಾಮಿಯನ್ನು ಮಾತ್ರ ಉಪವಾಸ ಕೆಡವಿದ್ದೆ. ಅದೂ ಭಕ್ತಿಯಿಂದಲ್ಲ, ಉಳಿದವರಿಗಿಂತ ಒಂದು ಕೈ ಮೇಲೆ ಎನ್ನಿಸಿಕೊಳ್ಳುವ ಆಸೆಯಿಂದ.

ಹಾಲು ಈಗಲೂ ಕುಡಿಯುವುದಿಲ್ಲ, ಬಿಟ್ಟ ಕಾರಣ ಹಾಗೇ ಇದೆ. ಇರುಮುಡಿಯ ತುಪ್ಪ ಎಲ್ಲಿಂದ ಬಂತು ಎಂದು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ.

ಮಾತ್ರೆಯ ವಿಷಯದಲ್ಲಿ ನನ್ನ ಕಾವಲು ಬಾ. ಚೌವಿಹಾರ ಮಾಡುವವರು, ಸೂರ್ಯ ಮುಳುಗಿದ ಮೇಲೆ ಹನಿ ನೀರೂ ಮುಟ್ಟುವುದಿಲ್ಲ. ತಮ್ಮ ಬಿ12 ಮಾತ್ರೆಯನ್ನು ಹೊತ್ತು ಮುಳುಗುವ ಮೊದಲೇ ನುಂಗಿ, ಮೆಟ್ಟಿಲ ಬುಡದಿಂದ ಕೂಗುತ್ತಾರೆ, "ಗೋಳಿ ಲೀಧಿ?"

ಈ ವರ್ಷ ಮತ್ತೆ ಮಾಲೆ ಹಾಕಿದ್ದೇನೆ. ಡಾಕ್ಟರು ಒಪ್ಪಿದ ಮೇಲೆ ಬರಿಗಾಲು. ಮೊನ್ನೆ ವಡೋದರಾ ಸ್ಟೇಷನ್ ಹೊರಗೆ ಜಲ್ಲಿಕಲ್ಲು ಚುಚ್ಚಿ, ಅಯ್ಯೋ ಎಂದು ಒಂಟಿ ಕಾಲಲ್ಲಿ ನಿಂತುಬಿಟ್ಟೆ. ಪಕ್ಕದಲ್ಲಿದ್ದ ಆಟೋದವನು ನಕ್ಕ.

ಸ್ವಾಮಿಯೇ ಶರಣಂ ಅಯ್ಯಪ್ಪ.