ಬೀಗ ಹಾಕಿದ ಬಾಗಿಲು ಯಾರದು?

ಊರಿನಿಂದ ಬಂದ ನೆಂಟರನ್ನು ಕಾಲೂಪುರ ಸ್ಟೇಷನ್ನಿನಿಂದ ಮನೆಗೆ ಕರೆತರುವಾಗ ಅವರು ಹೊಗೆಯಿಲ್ಲದ ಎತ್ತರದ ಚಿಮಣಿಯತ್ತ ಕೈ ತೋರಿಸಿ "ಅದೇನು?" ಎಂದು ಕೇಳುವುದುಂಟು. "ಮುಚ್ಚಿಹೋದ ಬಟ್ಟೆ ಗಿರಣಿ" ಎನ್ನುತ್ತೇವೆ. "ಇಷ್ಟು ದೊಡ್ಡ ಜಾಗ ಹೀಗೆ ಹಾಳು ಬೀಳಬೇಕೆ? ಏನಾದರೂ ಮಾಡಬಾರದೆ?" ಎಂಬ ಮುಂದಿನ ಪ್ರಶ್ನೆಗೆ ಮಾತ್ರ ನಮ್ಮಲ್ಲಿ ಉತ್ತರ ಸಿದ್ಧವಿರುವುದಿಲ್ಲ.

ಮಾಡಬಹುದು, ನಿಜ. ಆದರೆ ಏನು ಮಾಡಬೇಕು, ಯಾರನ್ನು ಕೇಳಿ ಮಾಡಬೇಕು? ಇದು ಕೇವಲ ಇಂಜಿನಿಯರರ ಮತ್ತು ಲೆಕ್ಕಿಗರ ಪ್ರಶ್ನೆಯಲ್ಲ. ಧರ್ಮಾಧರ್ಮದ ಪ್ರಶ್ನೆಯೂ ಹೌದು.

ಅಹಮದಾಬಾದಿನಲ್ಲಿ ರಣಛೋಡಲಾಲ್ ಛೋಟಾಲಾಲರು ಮೊದಲ ಗಿರಣಿಯನ್ನು ನಡೆಸತೊಡಗಿದ್ದು 1861ರಲ್ಲಿ. 1918ರ ಮುಷ್ಕರದಲ್ಲಿ ಕಾರ್ಮಿಕರು ಸಾಬರಮತಿಯ ದಂಡೆಯ ಜಾಲಿಮರದಡಿ ಸೇರುತ್ತಿದ್ದರು. ಗಾಂಧೀಜಿ ಅವರಿಗಾಗಿ ಉಪವಾಸ ಕುಳಿತರು. ಮಾಲೀಕರ ಮುಂದಾಳು ಅಂಬಾಲಾಲ್ ಸಾರಾಭಾಯಿ. ಕೂಲಿಗಾರರ ಪರ ನಿಂತವರು ಅವರ ಅಕ್ಕ ಅನಸೂಯಾ ಬೆಹನ್. ಒಂದೇ ಮನೆಯವರು ಎದುರುಬದುರು ನಿಂತೂ ಸಂಬಂಧ ಕೆಡಿಸಿಕೊಳ್ಳಲಿಲ್ಲ. ಆಸ್ತಿವಂತನು ಆಸ್ತಿಯ ಒಡೆಯನಲ್ಲ, ಸಮಾಜದ ಪರವಾಗಿ ಅದನ್ನು ನೋಡಿಕೊಳ್ಳುವ ಧರ್ಮದರ್ಶಿ ಎಂಬ ಗಾಂಧೀಜಿಯವರ ವಿಚಾರಕ್ಕೆ ಈ ನಗರಕ್ಕಿಂತ ಒಳ್ಳೆಯ ಪರೀಕ್ಷೆ ಎಲ್ಲಿ ಸಿಕ್ಕೀತು?

1980 ಮತ್ತು 90ರ ದಶಕಗಳಲ್ಲಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಸಾವಿರಾರು ಕುಟುಂಬಗಳ ಅನ್ನ ಹೋಯಿತು. ಎಷ್ಟೋ ಮಂದಿ ತಮಗೆ ಬರಬೇಕಾದ ಬಾಕಿಗಾಗಿ ವರ್ಷಗಟ್ಟಲೆ ಕೋರ್ಟಿನ ಮೆಟ್ಟಿಲು ಹತ್ತಿದರು. ಯಂತ್ರ ನಿಂತಿತು, ಆದರೆ ಋಣ ನಿಲ್ಲಲಿಲ್ಲ. ಜಾಗದ ಬೆಲೆ ಮಾತ್ರ ಏರುತ್ತಲೇ ಹೋಯಿತು.

ಹಳೆಯದನ್ನೆಲ್ಲ ಹಾಗೆಯೇ ಇಡಬೇಕೆಂದು ನಾವು ಹೇಳುವುದಿಲ್ಲ. ಕಟ್ಟಡಗಳೂ ಮನುಷ್ಯರಂತೆ ಕೆಲಸ ಬದಲಿಸುತ್ತವೆ. ವಡೋದರೆಯ ನ್ಯಾಯಮಂದಿರವನ್ನೇ ನೋಡಿ. ಸಯಾಜಿರಾವ್ ಮಹಾರಾಜರ ಕಾಲದಲ್ಲಿ ಅದನ್ನು ಮಾರುಕಟ್ಟೆಗೆಂದು ಕಟ್ಟತೊಡಗಿದರೆಂದು ಹೇಳುತ್ತಾರೆ. ಆಮೇಲೆ ಅದು ನ್ಯಾಯಾಲಯವಾಯಿತು. 2018ರಲ್ಲಿ ನ್ಯಾಯಾಲಯ ಬೇರೆಡೆಗೆ ಹೋದ ಬಳಿಕ ಅದನ್ನು ನಗರದ ವಸ್ತುಸಂಗ್ರಹಾಲಯವಾಗಿಸುವ ಮಾತು ಬಂತು. ಸೂರತ್ತಿನ ಕೋಟೆಯನ್ನು ಅಲ್ಲಿಯ ಮಹಾನಗರಪಾಲಿಕೆ ದುರಸ್ತಿ ಮಾಡಿ ಜನರಿಗೆ ತೆರೆದಿದೆ. ನಮ್ಮ ಬೆಂಗಳೂರಿನಲ್ಲಿ ಎರಡೂ ಬಗೆ ಕಾಣುತ್ತವೆ. ಹಳೆಯ ಸೆಂಟ್ರಲ್ ಜೈಲು 2008ರಲ್ಲಿ ಸ್ವಾತಂತ್ರ್ಯ ಉದ್ಯಾನವಾಯಿತು. ಮಲ್ಲೇಶ್ವರದ ರಾಜಾ ಮಿಲ್ ಇದ್ದ ಕಡೆ ದೊಡ್ಡ ಮಾಲ್ ಎದ್ದಿತು. ಅಲ್ಲಿ ನೂಲು ತೆಗೆದವರು ಇಂದು ಬಂದರೆ, ಉದ್ಯಾನದ ಬೆಂಚಿನಲ್ಲಿ ಕೂರುವಷ್ಟು ಸಲಿಗೆಯಿಂದ ಮಾಲಿನಲ್ಲಿ ಕೂತಾರೆಯೆ? ನಮ್ಮ ಮನಸ್ಸಿಗೆ ಈ ಪ್ರಶ್ನೆಯೇ ತಕ್ಕಡಿ.

ಯಾರಾದರೂ ಕೇಳಬಹುದು: ನಗರಕ್ಕೆ ಮನೆಗಳು ಬೇಕು, ಹಣ ಬೇಕು, ಬರಿಯ ನೆನಪಿನಿಂದ ಹೊಟ್ಟೆ ತುಂಬುವುದೆ? ನ್ಯಾಯವಾದ ಮಾತು. ಪಾಳುಬಿಟ್ಟು ಕಾಯುವುದೂ ಒಂದು ಬಗೆಯ ಅಪವ್ಯಯವೇ. ಆದುದರಿಂದ ಮಾರುವುದೋ ಉಳಿಸುವುದೋ ಎಂಬುದು ಎರಡನೆಯ ಪ್ರಶ್ನೆ. ಮೊದಲನೆಯದು, ಆ ಜಾಗ ಯಾರ ಬೆವರಿಗೆ ಸಾಲಗಾರ ಎಂಬುದು. ಬಾಕಿ ಸಂದಾಯವಾಗಲಿ, ಸುತ್ತಲಿನ ಚಾಳಿನವರ ಮಾತು ಕೇಳಲಿ. ಆಮೇಲೆ ನಕ್ಷೆ ಬಿಚ್ಚಲಿ.

"ಪರಸ್ಥಳದಿಂದ ಬಂದ ನಮಗೇಕೆ ಈ ಉಸಾಬರಿ?" ಎನ್ನುವವರೂ ಉಂಟು. ನಮಗೆ ಅನ್ನ ಕೊಟ್ಟ ಊರು ಇದು, ಆದ್ದರಿಂದ ಬೇಕು. ಇನ್ನೂ ಒಂದು ಕಾರಣವಿದೆ. ನಮ್ಮಲ್ಲಿ ಅನೇಕರ ಬೀರುವಿನಲ್ಲಿ ಊರಿನ ಮನೆಯ ಬೀಗದ ಕೈ ಇದೆ. ವರ್ಷಕ್ಕೊಮ್ಮೆ ಹೋಗಿ ಕಸ ಗುಡಿಸಿ, ದೇವರ ಮುಂದೆ ದೀಪ ಹಚ್ಚಿ, ಮತ್ತೆ ಬೀಗ ಹಾಕಿ ಬರುತ್ತೇವೆ. ಮಾರಲು ಮನಸ್ಸಿಲ್ಲ, ಇರಲು ಹೋಗುವುದಿಲ್ಲ. ಆ ಮನೆಯ ಹಿತ್ತಿಲಲ್ಲಿ ದುಡಿದವರು, ಅದನ್ನು ಕಾಯುತ್ತಿರುವ ನೆರೆಯವರು, ಪಾಲು ಕೇಳದೆ ಸುಮ್ಮನಿರುವ ತಂಗಿ: ಇವರನ್ನು ನಾವು ಎಂದಾದರೂ ಕೇಳಿದ್ದೇವೆಯೆ?

ನಗರಪಾಲಿಕೆಗೆ ಬುದ್ಧಿ ಹೇಳುವ ಮುನ್ನ ಈ ರಜೆಯಲ್ಲಿ ಊರಿಗೆ ಹೋದಾಗ ಅವರನ್ನು ಜಗುಲಿಯ ಮೇಲೆ ಕೂರಿಸಿಕೊಂಡು ಒಮ್ಮೆ ಕೇಳೋಣ. ಅಲ್ಲಿ ನ್ಯಾಯವಾಗಿ ನಡೆದುಕೊಂಡರೆ ಇಲ್ಲಿ ಆಡುವ ಮಾತಿಗೂ ತೂಕ ಬಂದೀತು.